ಟೋಕನ್ ಕೈಗೆ ಬಂದರಷ್ಟೇ ರೈಲು ಹೊರಡೋದು: ಪಾರಂಪರಿಕ ರೈಲುಗಳ ಸಿಗ್ನಲ್, ಸುರಕ್ಷತೆ, ಸ್ವಯಂಸೇವೆ ಬಗ್ಗೆ ತಿಳಿಯಬೇಕಾದ್ದು

ಊಟಿ ಕಡೆ ಪ್ರವಾಸ ಹೋದವರು ಹಳೆ ಉಗಿಬಂಡಿ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳದೆ ವಾಪಸ್ ಬರೋದು ಕಮ್ಮಿ. ಹೊಗೆ, ಶಿಳ್ಳೆ, ಹಳೇ ಕಾಲದ ಬೋಗಿ ಎಲ್ಲ ಫೋಟೋದಲ್ಲಿ ಬರುತ್ತೆ. ಫೋಟೋದಲ್ಲಿ ಬಾರದೇ ಇರೋದು ಒಂದಿದೆ. ಒಂದೇ ಹಳಿಯ ಮೇಲೆ ಎರಡು ಕಡೆಯಿಂದ ಓಡಾಡುವ ರೈಲುಗಳು ಒಂದಕ್ಕೊಂದು ಎದುರಾಗದಂತೆ ಕಾಯುವ ವ್ಯವಸ್ಥೆ.

ಇಂಥ ಹಳೇ ರೈಲುಗಳನ್ನು ಉಳಿಸಿಕೊಂಡು ಓಡಿಸೋದರಲ್ಲಿ ಮುಂದಿರುವ ದೇಶ ಬ್ರಿಟನ್. ಅಲ್ಲಿ ನೂರಕ್ಕೂ ಹೆಚ್ಚು ಪಾರಂಪರಿಕ ರೈಲು ಮಾರ್ಗಗಳಿವೆ. ವಿಶೇಷ ಏನಂದ್ರೆ, ಇವುಗಳಲ್ಲಿ ಕೆಲಸ ಮಾಡುವ ಬಹುತೇಕರಿಗೆ ಸಂಬಳ ಇಲ್ಲ. ವಾರವಿಡೀ ಆಫೀಸು, ಶಾಲೆ, ಅಂಗಡಿಯಲ್ಲಿ ದುಡಿಯುವವರು, ನಿವೃತ್ತರಾದವರು ರಜೆ ದಿನ ಬಂದು ಡ್ರೈವರ್, ಗಾರ್ಡ್, ಸಿಗ್ನಲ್‌ಮನ್ ಆಗುತ್ತಾರೆ.

ನೂರು ವರ್ಷ ಹಳೆಯ ಇಂಜಿನ್, ಒಂದೇ ಹಳಿ, ಸಂಬಳ ಇಲ್ಲದ ಸಿಬ್ಬಂದಿ. ಹಾಗಾದರೆ ಹತ್ತಿದವರ ಪ್ರಾಣಕ್ಕೆ ಯಾರು ಗ್ಯಾರಂಟಿ? ಅದರ ಪೂರ್ಣ ಮಾಹಿತಿ ಇಲ್ಲಿದೆ.

ಎಲ್ಲಿ ಶುರುವಾಯಿತು?

ವೇಲ್ಸ್ ಪ್ರಾಂತ್ಯದ ಟೈವಿನ್ ಎಂಬ ಸಣ್ಣ ಊರಲ್ಲಿ. ಗುಡ್ಡದ ಗಣಿಯಿಂದ ಚಾವಣಿಗೆ ಹಾಕುವ ಸ್ಲೇಟು ಕಲ್ಲು ಸಾಗಿಸಲು 1865ರಲ್ಲಿ ಶುರುವಾದ ಪುಟ್ಟ ರೈಲು ಟಾಲಿಲಿನ್ ರೈಲ್ವೆ. ಎರಡು ಹಳಿಗಳ ನಡುವಿನ ಅಂತರ ಎರಡು ಅಡಿ ಮೂರು ಇಂಚು ಅಷ್ಟೇ. ನಮ್ಮ ಬ್ರಾಡ್‌ಗೇಜ್ ಐದೂವರೆ ಅಡಿ.

ಗಣಿ ಮುಚ್ಚಿದ ಮೇಲೂ ಮಾಲೀಕ ಸರ್ ಹೆನ್ರಿ ಹೇಡನ್ ಜೋನ್ಸ್ ಬದುಕಿರುವವರೆಗೆ ರೈಲು ಓಡಿಸಿದರು. 1950ರಲ್ಲಿ ಅವರು ತೀರಿಕೊಂಡರು. ಹಳಿ ತುಕ್ಕು ಹಿಡಿದಿತ್ತು, ಹುಲ್ಲು ಬೆಳೆದಿತ್ತು, ಓಡುವ ಸ್ಥಿತಿಯಲ್ಲಿದ್ದದ್ದು ಒಂದೇ ಇಂಜಿನ್. ಆಗ ಟಾಮ್ ರೋಲ್ಟ್ ಎಂಬ ಲೇಖಕ ಮತ್ತು ಅವರ ಗೆಳೆಯರು ಅದೇ ವರ್ಷ ಅಕ್ಟೋಬರ್‌ನಲ್ಲಿ ಬರ್ಮಿಂಗ್‌ಹ್ಯಾಮ್‌ನ ಒಂದು ಹೋಟೆಲ್‌ನಲ್ಲಿ ಸಭೆ ಕರೆದು ಸಂಘ ಕಟ್ಟಲು ಮುಂದಾದರು. 1951ರ ಮೇ 14ರಂದು ಆ ಸಂಘದ ಮೊದಲ ರೈಲು ಹೊರಟಿತು. ಸ್ವಯಂಸೇವಕರು ಉಳಿಸಿಕೊಂಡ ಜಗತ್ತಿನ ಮೊದಲ ರೈಲು ಮಾರ್ಗ ಇದೇ. ಪಕ್ಕದ ಮುಚ್ಚಿಹೋದ ಮಾರ್ಗವೊಂದರ ಎರಡು ಇಂಜಿನ್‌ಗಳನ್ನು ಸಂಘ ತಲಾ 25 ಪೌಂಡ್ ಕೊಟ್ಟು ತಂದಿತ್ತು.

ಮಕ್ಕಳು ಟಿವಿಯಲ್ಲಿ ನೋಡುವ ಥಾಮಸ್ ರೈಲಿನ ಕಥೆಗಳನ್ನು ಬರೆದ ಪಾದ್ರಿ ಆಡ್ರಿ ಅವರೂ ಶುರುವಿನ ವರ್ಷಗಳಲ್ಲಿ ಇಲ್ಲಿ ಸ್ವಯಂಸೇವಕ ಗಾರ್ಡ್ ಆಗಿದ್ದರು. ಒಮ್ಮೆ ತಿಂಡಿ ಮಾರುವ ಹೆಂಗಸನ್ನು ಸ್ಟೇಷನ್ನಲ್ಲೇ ಬಿಟ್ಟು ರೈಲು ಹೊರಡಿಸಿಬಿಟ್ಟರು. ಆ ಎಡವಟ್ಟೇ ಮುಂದೆ ಅವರ ಒಂದು ಕಥೆಯಾಯಿತು. ತಿಂಡಿ ಮಾರುವವರು ಉಳಿದುಹೋದರೆ ನಗಬಹುದು. ಎದುರಿಗೆ ಇನ್ನೊಂದು ರೈಲು ಬರುತ್ತಿದ್ದಾಗ ಹೀಗೆ ಹೊರಡಿಸಿದರೆ ನಗಲು ಯಾರೂ ಉಳಿಯುವುದಿಲ್ಲ.

ಒಂದು ಹಳಿ, ಒಂದು ಬೀಗದ ಕೈ

ಅಂಗಡಿಗೆ ಒಂದೇ ಬೀಗದ ಕೈ ಇದೆ ಅಂದುಕೊಳ್ಳಿ. ಅದು ಅಣ್ಣನ ಜೇಬಲ್ಲಿದ್ದರೆ ತಮ್ಮ ಬಾಗಿಲು ತೆಗೆಯೋಕಾಗಲ್ಲ. ಏಕಹಳಿ ಮಾರ್ಗದ ಸುರಕ್ಷತೆ ನಿಂತಿರುವುದು ಇಷ್ಟೇ ಸರಳ ಲೆಕ್ಕದ ಮೇಲೆ.

ಮೊದಲು ಬಂದದ್ದು ಕೋಲು. ಎರಡು ಸ್ಟೇಷನ್ ನಡುವಿನ ಹಳಿಗೆ ಒಂದೇ ಒಂದು ಕೋಲು. ಅದರ ಮೇಲೆ ಎರಡೂ ಸ್ಟೇಷನ್ನಿನ ಹೆಸರು. ಕೋಲು ಕೈಯಲ್ಲಿರುವ ಡ್ರೈವರ್ ಮಾತ್ರ ಆ ಹಳಿಗೆ ಇಳಿಯಬಹುದು. ತೊಂದರೆ ಬಂದದ್ದು ಒಂದೇ ದಿಕ್ಕಿಗೆ ಎರಡು ರೈಲು ಹೋಗಬೇಕಾದಾಗ. ಕೋಲು ಮೊದಲ ರೈಲಿನ ಜೊತೆ ಹೋಗಿಬಿಟ್ಟರೆ ಎರಡನೆಯದು ಕಾಯುತ್ತಾ ಕೂರಬೇಕು. ಅದಕ್ಕೆ ಮೊದಲ ರೈಲಿನವನಿಗೆ ಕೋಲು ತೋರಿಸಿ ಚೀಟಿ ಕೊಡುವುದು, ಕೊನೆಯ ರೈಲಿನವನ ಕೈಗೆ ಕೋಲು ಕೊಡುವುದು ಎಂಬ ಪದ್ಧತಿ ಬಂತು.

ಎಲ್ಲ ಕಡೆ ಇಷ್ಟು ಶಿಸ್ತು ಇರಲಿಲ್ಲ. 1874ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನ ನಾರ್ವಿಚ್ ಹತ್ತಿರದ ಥಾರ್ಪ್ ಎಂಬಲ್ಲಿ ಟೆಲಿಗ್ರಾಫ್ ಸಂದೇಶದ ಗೊಂದಲದಿಂದ ಏಕಹಳಿಯಲ್ಲಿ ಎರಡು ರೈಲು ಮುಖಾಮುಖಿ ಡಿಕ್ಕಿಯಾಗಿ 25 ಜನ ಸತ್ತರು. ಇದಾದ ಮೇಲೆ ಎಡ್ವರ್ಡ್ ಟೈಯರ್ ಎಂಬ ಎಂಜಿನಿಯರ್ ಒಂದು ಯಂತ್ರ ರೂಪಿಸಿದರು.

ಯಂತ್ರ ಕೆಲಸ ಮಾಡುವ ರೀತಿ ಹೀಗೆ. ಎರಡು ಸ್ಟೇಷನ್‌ಗಳಲ್ಲೂ ಒಂದೊಂದು ಪೆಟ್ಟಿಗೆ, ನಡುವೆ ವಿದ್ಯುತ್ ತಂತಿ. ಪೆಟ್ಟಿಗೆಗಳಲ್ಲಿ ಹಲವು ಲೋಹದ ಬಿಲ್ಲೆಗಳಿರುತ್ತವೆ. ಆದರೆ ಎರಡೂ ಪೆಟ್ಟಿಗೆ ಸೇರಿ ಒಂದು ಸಲಕ್ಕೆ ಒಂದೇ ಬಿಲ್ಲೆ ಹೊರಬರುತ್ತೆ. ಅದೂ ಆಚೆ ಸ್ಟೇಷನ್ನಿನವರು ಒಪ್ಪಿಗೆ ಕೊಟ್ಟರೆ ಮಾತ್ರ. ಹೊರಗಿರುವ ಬಿಲ್ಲೆಯನ್ನು ಈ ಕಡೆಯೋ ಆ ಕಡೆಯೋ ಮತ್ತೆ ಪೆಟ್ಟಿಗೆಗೆ ಹಾಕುವ ತನಕ ಇನ್ನೊಂದು ಬರುವುದೇ ಇಲ್ಲ. ಇದಕ್ಕೆ ಟ್ಯಾಬ್ಲೆಟ್ ಅಂತ ಹೆಸರು. ಮುಂದೆ ಬಂದ ಇದೇ ಜಾತಿಯ ಯಂತ್ರಗಳಿಗೆ ಟೋಕನ್ ಯಂತ್ರ ಎಂದರು. ಟಾಲಿಲಿನ್ ಸೇರಿ ಹಲವು ಪಾರಂಪರಿಕ ಮಾರ್ಗಗಳು ಇವತ್ತಿಗೂ ಟೋಕನ್ ನಂಬಿಕೊಂಡೇ ಓಡುತ್ತಿವೆ.

ಯಂತ್ರ ಸರಿಯಿತ್ತು, ಮನುಷ್ಯ ನೋಡಲಿಲ್ಲ

ಹಾಗಾದರೆ ಯಂತ್ರ ಬಂದ ಮೇಲೆ ಭಯ ಇಲ್ಲವೇ? ಇದೆ. 1921ರ ಜನವರಿ 26ರಂದು ವೇಲ್ಸ್‌ನ ಆಬರ್‌ಮ್ಯೂಲ್ ಸ್ಟೇಷನ್ನಿನಲ್ಲಿ ಆದದ್ದು ಅದೇ.

ಮಾಂಟ್‌ಗೊಮರಿ ಕಡೆಯಿಂದ ಪ್ಯಾಸೆಂಜರ್ ರೈಲು ಬಂದು ನಿಂತಿತು. ಡ್ರೈವರ್ ತಾನು ದಾಟಿ ಬಂದ ಹಳಿಯ ಟ್ಯಾಬ್ಲೆಟ್ಟನ್ನು ಸ್ಟೇಷನ್ನಿನವರಿಗೆ ಕೊಟ್ಟ. ಅದನ್ನು ಪೆಟ್ಟಿಗೆಗೆ ಹಾಕಿ, ಎದುರಿನ ರೈಲು ಬಂದ ಮೇಲೆ ಮುಂದಿನ ಹಳಿಯ ಟ್ಯಾಬ್ಲೆಟ್ ಕೊಡಬೇಕಿತ್ತು. ಸ್ಟೇಷನ್ನಿನಲ್ಲಿ ಯಂತ್ರದ ಹತ್ತಿರ ಯಾರು ಬೇಕಾದರೂ ಹೋಗುತ್ತಿದ್ದರು. ಇದು ಒಬ್ಬರದೇ ಜವಾಬ್ದಾರಿ ಅಂತ ಆಚರಣೆಯಲ್ಲಿ ಇರಲಿಲ್ಲ. ಅವರು ಮಾಡಿರ್ತಾರೆ ಅಂತ ಇವರು, ಇವರು ಮಾಡಿರ್ತಾರೆ ಅಂತ ಅವರು. ಕೈಯಿಂದ ಕೈಗೆ ಹೋದ ಅದೇ ಹಳೇ ಟ್ಯಾಬ್ಲೆಟ್ ಚೀಲದ ಸಮೇತ ಅದೇ ಡ್ರೈವರ್ ಕೈಗೆ ವಾಪಸ್ ಬಂತು. ಡ್ರೈವರ್ ಬಿಲ್ಲೆಯ ಮೇಲಿನ ಹೆಸರು ಓದಲಿಲ್ಲ. ರೈಲು ಹೊರಟಿತು.

ಮುಂದಿನ ಹಳಿಯ ನಿಜವಾದ ಟ್ಯಾಬ್ಲೆಟ್ ಎದುರಿನಿಂದ ಬರುತ್ತಿದ್ದ ಎಕ್ಸ್‌ಪ್ರೆಸ್ ರೈಲಿನಲ್ಲಿತ್ತು. ಎರಡೂ ಮುಖಾಮುಖಿಯಾದವು. 17 ಜನ ಸತ್ತರು. ಸತ್ತವರಲ್ಲಿ ಆ ರೈಲ್ವೆ ಕಂಪನಿಯ ಒಬ್ಬ ನಿರ್ದೇಶಕರೂ ಇದ್ದರು.

ಯಂತ್ರದಲ್ಲಿ ಯಾವ ದೋಷವೂ ಇರಲಿಲ್ಲ. ನೂರು ವರ್ಷ ಕಳೆದರೂ ಸುರಕ್ಷತೆಯ ಮಾತು ಬಂದಾಗ ಆಬರ್‌ಮ್ಯೂಲ್ ಹೆಸರು ಬರುತ್ತೆ. ಅಲ್ಲಿಂದ ಕಲಿಯುವ ಪಾಠ ಎರಡು. ಯಂತ್ರ ಮುಟ್ಟುವವರು ಗೊತ್ತುಮಾಡಿದ ಒಬ್ಬರೇ ಇರಬೇಕು. ಟೋಕನ್ ತಗೊಂಡವರು ಅದರ ಮೇಲಿನ ಹೆಸರನ್ನು ಓದಲೇಬೇಕು.

ಸಿಗ್ನಲ್ ಮನೆಯ ಒಳಗೆ

ಹಳೇ ಸಿಗ್ನಲ್ ಮನೆ ಹೊಕ್ಕರೆ ಸಾಲಾಗಿ ನಿಂತ ಎದೆಯೆತ್ತರದ ಕಬ್ಬಿಣದ ಲಿವರ್‌ಗಳು ಕಾಣುತ್ತವೆ. ಬಣ್ಣ ನೋಡಿದರೇ ಕೆಲಸ ಗೊತ್ತಾಗುತ್ತೆ:

* ಕೆಂಪು: ರೈಲು ನಿಲ್ಲಿಸುವ ಸಿಗ್ನಲ್
* ಹಳದಿ: ಮುಂದಿನ ಸಿಗ್ನಲ್ ಬಗ್ಗೆ ದೂರದಿಂದಲೇ ಎಚ್ಚರಿಸುವ ಡಿಸ್ಟಂಟ್ ಸಿಗ್ನಲ್
* ಕಪ್ಪು: ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟ್ಸ್
* ನೀಲಿ: ಪಾಯಿಂಟ್ಸ್ ಅಲುಗಾಡದಂತೆ ಹಾಕುವ ಬೀಗ
* ಬಿಳಿ: ಬಳಕೆಯಲ್ಲಿ ಇಲ್ಲದ್ದು

ಲಿವರ್ ಎಳೆದರೆ ತಂತಿಯ ಮೂಲಕ ದೂರದ ಕೈಮರದ ತೋಳು ಅಲುಗುತ್ತೆ. ಕೆಂಪು ತೋಳು ಅಡ್ಡಲಾಗಿದ್ದರೆ ನಿಲ್ಲು ಅಂತ ಅರ್ಥ. ಬೇಕಾದ ಲಿವರ್ ಎಳೆದುಬಿಡಬಹುದು ಅಂದುಕೊಂಡರೆ ತಪ್ಪು. ಲಿವರ್‌ಗಳ ಕೆಳಗೆ ಇಂಟರ್‌ಲಾಕಿಂಗ್ ಎಂಬ ಕಬ್ಬಿಣದ ಪಟ್ಟಿಗಳ ಜಾಲ ಇದೆ. ಪಾಯಿಂಟ್ಸ್ ತಪ್ಪು ಕಡೆ ತಿರುಗಿದ್ದರೆ ಸಿಗ್ನಲ್ ಲಿವರ್ ಎಷ್ಟು ಎಳೆದರೂ ಬರುವುದಿಲ್ಲ. ಇಂಥದ್ದಕ್ಕೆ ಜಾನ್ ಸ್ಯಾಕ್ಸ್‌ಬಿ 1856ರಲ್ಲೇ ಪೇಟೆಂಟ್ ಪಡೆದಿದ್ದರು. ಕಂಪ್ಯೂಟರ್ ಹುಟ್ಟುವ ಎಷ್ಟೋ ಮೊದಲು ಮನುಷ್ಯನ ತಪ್ಪು ತಡೆಯಲು ಮಾಡಿದ ಏರ್ಪಾಡು ಇದು.

ಪಕ್ಕದ ಸಿಗ್ನಲ್ ಮನೆ ಜೊತೆ ಮಾತು ಗಂಟೆಯ ಮೂಲಕ. ಒಂದು ಸಲ ಬಾರಿಸಿದರೆ ಇಲ್ಲಿ ಕೇಳಿ ಅಂತ. ಮೂರು, ಆಮೇಲೆ ಒಂದು ಬಾರಿಸಿದರೆ ಸಾಧಾರಣ ಪ್ಯಾಸೆಂಜರ್ ಬಿಡಲೇ ಅಂತ. ಎರಡು ಅಂದ್ರೆ ರೈಲು ನಿಮ್ಮ ಕಡೆ ಹೊರಟಿದೆ. ಎರಡು, ಆಮೇಲೆ ಒಂದು ಅಂದ್ರೆ ರೈಲು ಬಂದು ತಲುಪಿತು, ಹಳಿ ಖಾಲಿ. ಆರು ಸಲ ಬಾರಿಸಿದರೆ ಅಪಾಯ, ಎಲ್ಲ ನಿಲ್ಲಿಸಿ. ಪ್ರತಿ ಗಂಟೆಯನ್ನೂ ಸಮಯದ ಸಮೇತ ರಿಜಿಸ್ಟರ್‌ನಲ್ಲಿ ಬರೆಯಬೇಕು. ಅಂಗಡಿಯ ದಿನದ ಲೆಕ್ಕದ ಪುಸ್ತಕದಂತೆ, ಆಮೇಲೆ ನೆನಪಿನಿಂದ ಬರೆಯುವ ಹಾಗಿಲ್ಲ.

ಬ್ರೇಕ್ ಕಲಿಸಿದ ಪಾಠ

1889ರ ಜೂನ್ 12ರಂದು ಐರ್ಲೆಂಡಿನ ಆರ್ಮಾ ಹತ್ತಿರ ಭಾನುವಾರದ ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುತ್ತಿದ್ದ ರೈಲು ಏರು ಹತ್ತಲಾರದೆ ನಿಂತಿತು. ಹಿಂದಿನ ಬೋಗಿಗಳನ್ನು ಕಳಚಿ, ಮುಂದಿನವನ್ನು ಮೊದಲು ಎಳೆದೊಯ್ಯಲು ಹೊರಟರು. ಹಿಂದಿನ ಬೋಗಿಗಳನ್ನು ತಡೆಯಲು ಇದ್ದ ಕೈಬ್ರೇಕ್ ಸಾಲಲಿಲ್ಲ. ಅವು ಇಳಿಜಾರಿನಲ್ಲಿ ಹಿಂದಕ್ಕೆ ಜಾರಿ, ಕೆಲವು ನಿಮಿಷ ಬಿಟ್ಟು ಅದೇ ಹಳಿಗೆ ಕಳಿಸಿದ್ದ ಇನ್ನೊಂದು ರೈಲಿಗೆ ಬಡಿದವು. ಸತ್ತವರು ಸುಮಾರು 80 ಜನ, ಅವರಲ್ಲಿ ಮಕ್ಕಳೇ ಬಹಳ.

ಅದೇ ವರ್ಷ ಬ್ರಿಟನ್ನಿನಲ್ಲಿ ಕಾನೂನು ಬಂತು. ಒಂದು ಭಾಗದ ಹಳಿಯಲ್ಲಿ ಒಂದೇ ರೈಲು, ಸಿಗ್ನಲ್‌ಗೂ ಪಾಯಿಂಟ್ಸ್‌ಗೂ ಇಂಟರ್‌ಲಾಕಿಂಗ್, ಪ್ರಯಾಣಿಕರ ರೈಲಿಗೆ ತಾನಾಗಿ ಹಿಡಿಯುವ ಬ್ರೇಕ್. ಬೋಗಿ ಕಳಚಿಕೊಂಡರೆ ಬ್ರೇಕ್ ತಂತಾನೇ ಬೀಳಬೇಕು. ಈಗ ನಾವು ಸಹಜ ಅಂದುಕೊಂಡಿರುವ ಈ ಮೂರೂ ಆ ಮಕ್ಕಳ ಸಾವಿನ ನಂತರ ಕಡ್ಡಾಯವಾದವು.

ಸ್ವಯಂಸೇವಕ ಆಗೋದು ಹೇಗೆ?

ನಮ್ಮಲ್ಲಿ ಜಾತ್ರೆ, ಗಣೇಶೋತ್ಸವ, ಅನ್ನಸಂತರ್ಪಣೆ ಎಂದರೆ ಹುಡುಗರು ಟವೆಲ್ ಸುತ್ತಿಕೊಂಡು ಬಂದು ನಿಂತುಬಿಡುತ್ತಾರೆ. ಅಂದೇ ಬಂದು ಅಂದೇ ಬಡಿಸಬಹುದು. ರೈಲಿನಲ್ಲಿ ಅದು ನಡೆಯಲ್ಲ.

ಇಂಜಿನ್ ಓಡಿಸುವ ಆಸೆ ಇಟ್ಟುಕೊಂಡು ಬಂದವರ ಕೈಗೆ ಮೊದಲು ಸಿಗುವುದು ಒರೆಸುವ ಬಟ್ಟೆ. ಇಂಜಿನ್ ಒರೆಸುವುದು, ಬೂದಿ ತೆಗೆಯುವುದು. ಅಲ್ಲಿಂದ ಫೈರ್‌ಮನ್, ಆಮೇಲೆ ಡ್ರೈವರ್. ಪ್ರತಿ ಮೆಟ್ಟಿಲಿಗೂ ಪರೀಕ್ಷೆ. ವಾರಕ್ಕೊಂದೆರಡು ದಿನ ಬರುವವರಿಗೆ ಈ ಏಣಿ ಹತ್ತಲು ವರ್ಷಗಳೇ ಬೇಕು. ಸಿಗ್ನಲ್‌ಮನ್ ಆಗಬೇಕಾದವರು ನಿಯಮದ ಪುಸ್ತಕ ಓದಿ, ಅನುಭವಿಗಳ ಪಕ್ಕ ಕೂತು ಕೆಲಸ ಕಲಿತು, ಪರೀಕ್ಷೆ ಪಾಸಾಗಬೇಕು. ಪಾಸಾದ ಮೇಲೂ ಆಗಾಗ ಮರುಪರೀಕ್ಷೆ ಇರುತ್ತೆ. ಕಣ್ಣಿನ ಪರೀಕ್ಷೆ ಬೇಕು, ಅದರಲ್ಲೂ ಕೆಂಪು ಹಸಿರು ಬಣ್ಣ ಗುರುತಿಸುವ ಶಕ್ತಿ ಮುಖ್ಯ. ಕುಡಿದು ಬಂದವರಿಗೆ ಪ್ರವೇಶ ಇಲ್ಲ. ಹಳಿ ಮೇಲೆ ಕೆಲಸ ಮಾಡುವವರು ದೂರದಿಂದ ಕಾಣುವ ಕಿತ್ತಳೆ ಬಣ್ಣದ ಜಾಕೆಟ್ ಹಾಕಲೇಬೇಕು.

ಎಲ್ಲರೂ ಇಂಜಿನ್ ಹತ್ತಲೇಬೇಕು ಅಂತೇನಿಲ್ಲ. ಟಿಕೆಟ್ ಕೊಡುವುದು, ಟೀ ಅಂಗಡಿ ನೋಡಿಕೊಳ್ಳುವುದು, ಹಳಿ ಪಕ್ಕದ ಪೊದೆ ಕಡಿಯುವುದು, ಬೋಗಿಗೆ ಬಣ್ಣ ಹೊಡೆಯುವುದು, ಲೆಕ್ಕ ಬರೆಯುವುದು ಎಲ್ಲಕ್ಕೂ ಜನ ಬೇಕು. ಫೆಸ್ಟಿನಿಯೊಗ್ ಎಂಬ ಇನ್ನೊಂದು ವೇಲ್ಸ್ ಮಾರ್ಗದ ಒಂದು ಭಾಗ ಜಲಾಶಯದಿಂದಾಗಿ ಕೈತಪ್ಪಿತ್ತು. 1965ರಿಂದ ಸ್ವಯಂಸೇವಕರು ಸಲಿಕೆ ಹಿಡಿದು, ಗುಡ್ಡ ಅಗೆದು, ಹಳಿಯನ್ನೇ ಒಂದು ಸುತ್ತು ಸುತ್ತಿಸಿ ಮೇಲೇರಿಸಿ ಹೊಸ ದಾರಿ ಮಾಡಿದರು. 1982ರಲ್ಲಿ ರೈಲು ಮತ್ತೆ ತನ್ನ ಕೊನೆಯ ಊರು ತಲುಪಿತು.

ಸಂಬಳ ಇಲ್ಲ ಅಂತ ಕಾನೂನು ಬಿಡುತ್ತಾ?

ಬಿಡಲ್ಲ. ಬ್ರಿಟನ್ನಿನ ರೈಲು ಮತ್ತು ರಸ್ತೆ ನಿಯಂತ್ರಣ ಕಚೇರಿಯ ಇನ್‌ಸ್ಪೆಕ್ಟರ್‌ಗಳು ಪಾರಂಪರಿಕ ಮಾರ್ಗಗಳನ್ನೂ ತಪಾಸಣೆ ಮಾಡುತ್ತಾರೆ. ಅಪಾಯ ಕಂಡರೆ ಕೆಲಸ ನಿಲ್ಲಿಸಲು ಆದೇಶ ಕೊಡುವ ಅಧಿಕಾರ ಅವರಿಗಿದೆ. ಬಹುತೇಕ ಮಾರ್ಗಗಳಲ್ಲಿ ವೇಗದ ಮಿತಿ ಗಂಟೆಗೆ 25 ಮೈಲಿ, ಅಂದ್ರೆ ಸುಮಾರು 40 ಕಿಲೋಮೀಟರ್. ಉಗಿ ಇಂಜಿನ್ನಿನ ಬಾಯ್ಲರ್‌ಗೆ ನಿಗದಿತ ತಪಾಸಣೆ ಇದೆ. ಸಾಮಾನ್ಯವಾಗಿ ಹತ್ತು ವರ್ಷಕ್ಕೊಮ್ಮೆ ಪೂರ್ತಿ ಬಿಚ್ಚಿ ದುರಸ್ತಿ ಮಾಡಬೇಕು.

ಇಷ್ಟೆಲ್ಲ ಇದ್ದೂ ಅವಘಡ ಆಗಿವೆ. ಕೆಂಟ್ ಪ್ರಾಂತ್ಯದ ರಾಮ್ನಿ, ಹೈತ್ ಮತ್ತು ಡಿಮ್‌ಚರ್ಚ್ ಎಂಬ ಪುಟಾಣಿ ರೈಲು ಮಾರ್ಗದಲ್ಲಿ 2003 ಮತ್ತು 2005ರಲ್ಲಿ ಲೆವೆಲ್ ಕ್ರಾಸಿಂಗ್‌ಗಳಲ್ಲಿ ಕಾರು ಡಿಕ್ಕಿಯಾಗಿ ಇಬ್ಬರು ರೈಲು ಚಾಲಕರು ಸತ್ತರು. ಮುಂದೆ ಅಲ್ಲಿನ ಕ್ರಾಸಿಂಗ್‌ಗಳಿಗೆ ಗೇಟ್ ಹಾಕುತ್ತಾ ಬಂದರು. 2012ರ ಮೇನಲ್ಲಿ ನಾರ್ತ್ ಯಾರ್ಕ್‌ಷೈರ್ ಮೂರ್ಸ್ ರೈಲ್ವೆಯ ಗ್ರಾಸ್‌ಮಾಂಟ್ ಸ್ಟೇಷನ್ನಿನಲ್ಲಿ ಶಂಟಿಂಗ್ ಮಾಡುವಾಗ ಸ್ವಯಂಸೇವಕ ಗಾರ್ಡ್ ಒಬ್ಬರು ಎರಡು ಬೋಗಿಗಳ ನಡುವೆ ಸಿಲುಕಿ ಪ್ರಾಣ ಬಿಟ್ಟರು. 2017ರ ಜೂನ್‌ನಲ್ಲಿ ಸೌತ್ ಡೆವನ್ ರೈಲ್ವೆಯಲ್ಲಿ ತಾಯಿಯೊಬ್ಬರು ಪುಟ್ಟ ಮಗನನ್ನು ಬೋಗಿಯ ಶೌಚಾಲಯಕ್ಕೆ ಕರೆದೊಯ್ದರು. ಬಾಗಿಲು ತೆಗೆದರೆ ಒಳಗೆ ನೆಲವೇ ಇಲ್ಲ. ದುರಸ್ತಿಗೆಂದು ನೆಲ ತೆಗೆದಿದ್ದರು, ಬಾಗಿಲು ಭದ್ರವಾಗಿ ಮುಚ್ಚಿರಲಿಲ್ಲ. ರೈಲು ಓಡುತ್ತಿತ್ತು. ತಾಯಿ ಮಗುವನ್ನು ಹಿಡಿದುಕೊಂಡಿದ್ದರಿಂದ ಅನಾಹುತ ತಪ್ಪಿತು.

ಈ ಮೂರನ್ನೂ ನೋಡಿದರೆ ಹಳೇ ಇಂಜಿನ್ ಸಿಡಿದು ಆದದ್ದು ಒಂದೂ ಇಲ್ಲ. ಗೇಟು, ಬೋಗಿ ಜೋಡಿಸುವ ಜಾಗ, ಒಂದು ಬಾಗಿಲು. ದಿನಾ ನೋಡುವ ಜಾಗಗಳೇ.

ನಮ್ಮ ಕಡೆ ಹೇಗೆ?

ಭಾರತದ ಡಾರ್ಜಿಲಿಂಗ್, ನೀಲಗಿರಿ, ಕಾಲ್ಕಾ-ಶಿಮ್ಲಾ ಬೆಟ್ಟದ ರೈಲುಗಳು ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಕ್ರಮವಾಗಿ 1999, 2005, 2008ರಲ್ಲಿ ಸೇರಿದವು. ಇವನ್ನು ಓಡಿಸುವುದು ಭಾರತೀಯ ರೈಲ್ವೆ, ಸಂಬಳದ ಸಿಬ್ಬಂದಿ. ಬ್ರಿಟನ್ನಿನಂತೆ ಸ್ವಯಂಸೇವಕರು ನಡೆಸುವ ಪದ್ಧತಿ ಇಲ್ಲಿಲ್ಲ.

ಮೆಟ್ಟುಪಾಳ್ಯಂನಿಂದ ಊಟಿಗೆ 46 ಕಿಲೋಮೀಟರ್. ಕೂನೂರಿನವರೆಗಿನ ಕಡಿದಾದ ಏರಿನಲ್ಲಿ ಹಳಿಗಳ ನಡುವೆ ಹಲ್ಲಿನ ಪಟ್ಟಿ ಇದ್ದು, ಇಂಜಿನ್ನಿನ ಹಲ್ಲುಚಕ್ರ ಅದನ್ನು ಕಚ್ಚಿ ಹತ್ತುತ್ತೆ. ಏರುವಾಗ ಇಂಜಿನ್ ಹಿಂದಿನಿಂದ ತಳ್ಳುತ್ತೆ. ಹಾಗಾಗಿ ಡ್ರೈವರ್‌ಗೆ ಮುಂದಿನ ದಾರಿ ನೇರ ಕಾಣಲ್ಲ. ಬೋಗಿಗಳ ಮೇಲೆ ನಿಂತ ಬ್ರೇಕ್ಸ್‌ಮನ್‌ಗಳು ಬಾವುಟ ಬೀಸಿ ದಾರಿ ಹೇಳುತ್ತಾರೆ, ಬ್ರೇಕ್ ಹಾಕುತ್ತಾರೆ. ಮುಂದಿನ ಸಲ ಹೋದಾಗ ಇಂಜಿನ್ ಜೊತೆ ಅವರ ಕಡೆಗೂ ಒಮ್ಮೆ ನೋಡಿ.

ಟೋಕನ್ ಕೂಡ ನಮಗೆ ಹೊಸದಲ್ಲ. ಭಾರತದ ಏಕಹಳಿ ಮಾರ್ಗಗಳಲ್ಲಿ ನೀಲ್ಸ್ ಎಂಬ ಯಂತ್ರದಿಂದ ಬರುವ ಲೋಹದ ಚೆಂಡೇ ಟೋಕನ್. ಅದನ್ನು ದೊಡ್ಡ ಬಳೆಯಂಥ ರಿಂಗಿಗೆ ಕಟ್ಟಿದ ಚೀಲದಲ್ಲಿಟ್ಟು ಡ್ರೈವರ್‌ಗೆ ಕೊಡುತ್ತಿದ್ದರು. ಓಡುವ ರೈಲಿನಿಂದ ಕೈ ಚಾಚಿ ರಿಂಗ್ ಹಿಡಿಯುವುದನ್ನು ಕಂಡವರು ಹಿರಿಯರಲ್ಲಿ ಇನ್ನೂ ಇದ್ದಾರೆ. ಈಗ ಬಹುತೇಕ ಕಡೆ ಅದರ ಜಾಗಕ್ಕೆ ಹೊಸ ವ್ಯವಸ್ಥೆ ಬಂದಿದೆ. 1979ರಲ್ಲಿ ಶುರುವಾದ ಮೈಸೂರಿನ ರೈಲ್ವೆ ಮ್ಯೂಸಿಯಂಗೆ ಹೋದರೆ ಹಳೇ ಇಂಜಿನ್ ಜೊತೆಗೆ ಸಿಗ್ನಲ್ ಮತ್ತು ದೀಪಗಳ ಸಂಗ್ರಹವನ್ನೂ ಮಕ್ಕಳಿಗೆ ತೋರಿಸಬಹುದು.

ಪ್ರಯಾಣಿಕರು ನೆನಪಿಡಬೇಕಾದ್ದು

* ಹಳೇ ಬೋಗಿಗಳ ಕಿಟಕಿ ದೊಡ್ಡದು, ಹಳಿ ಪಕ್ಕದ ಗೋಡೆ, ಸುರಂಗ ಹತ್ತಿರ. ತಲೆ, ಕೈ, ಮೊಬೈಲ್ ಹೊರಗೆ ಬೇಡ.
* ಕೈಯಿಂದ ಮುಚ್ಚುವ ಬಾಗಿಲಿದ್ದರೆ, ರೈಲು ಪೂರ್ತಿ ನಿಲ್ಲುವ ತನಕ ಮುಟ್ಟಬೇಡಿ.
* ಮುಚ್ಚಿದ ಬಾಗಿಲು ತೆರೆದುಕೊಂಡಿದ್ದರೆ, ಏನಾದರೂ ಸಡಿಲ ಕಂಡರೆ ಗಾರ್ಡ್‌ಗೆ ತಕ್ಷಣ ಹೇಳಿ. ನಮಗ್ಯಾಕೆ ಅಂತ ಸುಮ್ಮನಿರಬೇಡಿ.
* ಫೋಟೋಗಾಗಿ ಹಳಿಗೆ ಇಳಿಯಬೇಡಿ. ಭಾರತದಲ್ಲಿ ರೈಲ್ವೆ ಕಾಯ್ದೆ 1989ರ ಸೆಕ್ಷನ್ 147ರಡಿ ಅಕ್ರಮ ಪ್ರವೇಶಕ್ಕೆ ಆರು ತಿಂಗಳವರೆಗೆ ಜೈಲು, 1,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.
* ಲೆವೆಲ್ ಕ್ರಾಸಿಂಗ್‌ನಲ್ಲಿ ರೈಲು ಚಿಕ್ಕದು, ನಿಧಾನ ಅಂತ ನುಗ್ಗಬೇಡಿ. ಕೆಂಟ್‌ನಲ್ಲಿ ಡಿಕ್ಕಿಯಾದದ್ದು ಅಂಥ ಪುಟಾಣಿ ರೈಲಿಗೇ.

ಕೊನೆಗೆ

ಟಾಲಿಲಿನ್ ರೈಲು ಉಳಿಸಿದ ಟಾಮ್ ರೋಲ್ಟ್ 1955ರಲ್ಲಿ ಇನ್ನೊಂದು ಪುಸ್ತಕ ಬರೆದರು. ಅದರ ಹೆಸರು 'ರೆಡ್ ಫಾರ್ ಡೇಂಜರ್'. ಅದು ಬ್ರಿಟನ್ನಿನ ರೈಲು ಅಪಘಾತಗಳ ಚರಿತ್ರೆ. ಹಳೇ ರೈಲಿನ ಮೇಲೆ ಅಷ್ಟು ಪ್ರೀತಿ ಇಟ್ಟವರೇ ಅದು ಹೇಗೆಲ್ಲ ಕೊಲ್ಲಬಹುದು ಎಂಬುದನ್ನೂ ಕೂತು ಬರೆದರು.

ಸಂಬಳ ಇಲ್ಲದೆ ಸೇವೆಗೆ ನಿಂತವರು ಎಲ್ಲ ಊರಲ್ಲೂ ಇದ್ದಾರೆ. ತೇರು ಎಳೆಯುವಾಗ ಚಕ್ರದ ಪಕ್ಕ ನಿಲ್ಲುವವರು, ಪೆಂಡಾಲ್‌ಗೆ ಕರೆಂಟ್ ಎಳೆಯುವವರು, ದೊಡ್ಡ ಒಲೆ ಮುಂದೆ ಸಿಲಿಂಡರ್ ತಿರುಗಿಸುವವರು. ಅವರ ಮನಸ್ಸು ದೊಡ್ಡದು, ಅದರಲ್ಲಿ ಅನುಮಾನವಿಲ್ಲ. ಆದರೆ ಆಬರ್‌ಮ್ಯೂಲ್‌ನಲ್ಲಿದ್ದವರೂ ಕೆಟ್ಟವರೇನಲ್ಲ. ಈ ಕೆಲಸ ಯಾರದು ಅಂತ ಒಬ್ಬರ ಹೆಸರು ಗೊತ್ತುಮಾಡಿ, ಆ ಒಬ್ಬರು ಕೈಗೆ ಬಂದದ್ದನ್ನು ಒಮ್ಮೆ ಓದಿ ನೋಡಿದ್ದರೆ 17 ಜನ ಅವತ್ತು ಮನೆಗೆ ಹೋಗುತ್ತಿದ್ದರು.